ಸೊಂಟ ನೋವೆಲ್ಲ ಡಿಸ್ಕ್ ನೋವಲ್ಲ

ಬಗ್ಗಿ ನೀರಿನ ಬಿಂದಿಗೆ ಎತ್ತುವಾಗ ಸೊಂಟದಲ್ಲಿ ಏನೋ ‘ಕಳಕ್’ ಎಂದಂತಾಗುತ್ತದೆ. ಆಮೇಲೆ ನೆಟ್ಟಗೆ ನಿಲ್ಲಲಾಗದು, ಕೂರಲಾಗದು. ಗೋಡೆ ಹಿಡಿದುಕೊಂಡೇ ಮಂಚ ಸೇರಬೇಕು. ‘ಉಳುಕಿದೆ, ನಾಲ್ಕು ದಿನ ಇದ್ದು ಹೋಗುತ್ತೆ’ ಎನ್ನುತ್ತಾರೆ ಮನೆಯ ಅಜ್ಜಿ. ‘ಡಿಸ್ಕ್ ಜಾರಿರಬೇಕು, ಸ್ಕ್ಯಾನ್ ಮಾಡಿಸಿ’ ಎನ್ನುತ್ತಾರೆ ಪಕ್ಕದ ಮನೆಯವರು. ಇಬ್ಬರಲ್ಲಿ ಅಜ್ಜಿಯ ಮಾತೇ ನಿಜವಾಗುವ ಸಂಭವ ಹೆಚ್ಚು.

ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಐದು ದಪ್ಪ ಮೂಳೆಗಳು ಒಂದರ ಮೇಲೊಂದು ಕುಳಿತಿವೆ. ಎರಡು ಮೂಳೆಗಳ ನಡುವೆ ಒಂದು ಮೆತ್ತೆ, ಅದೇ ಡಿಸ್ಕ್. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ಲೋಳೆಯಂಥ ತಿರುಳು. ಹಿಂಬದಿಯಲ್ಲಿ ಸಣ್ಣ ಕೀಲುಗಳು, ಮೂಳೆಗಳನ್ನು ಬಿಗಿದಿಡುವ ತಂತುಗಳು, ಇವೆಲ್ಲವನ್ನೂ ಆವರಿಸಿದ ಸ್ನಾಯುಗಳು. ದೇಹದ ಮೇಲ್ಭಾಗದ ಭಾರವೆಲ್ಲ ಇಲ್ಲಿಗೇ ಬಂದು ಬೀಳುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಕ್ಕೇ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ಅಂಗಾತ ಮಲಗಿದಾಗ ಅದು ಬಹಳ ಕಡಿಮೆ. ಮುಂದಕ್ಕೆ ಬಗ್ಗಿ ಭಾರ ಎತ್ತುವಾಗ ಬಹಳ ಹೆಚ್ಚು.

ಸೊಂಟ ನೋವಿನವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಗೆ, ನೋವಿನ ಮೂಲ ಇಂಥದೇ ಭಾಗ ಎಂದು ಯಾವ ಪರೀಕ್ಷೆಯಿಂದಲೂ ಬೆರಳಿಟ್ಟು ತೋರಿಸಲಾಗದು. ಸ್ನಾಯು ಹಿಡಿದಿರಬಹುದು, ತಂತು ಎಳೆದಿರಬಹುದು, ಕೀಲು ಕೆರಳಿರಬಹುದು. ಎಲ್ಲದಕ್ಕೂ ಚಿಕಿತ್ಸೆ ಒಂದೇ ಆದ್ದರಿಂದ ಹೆಸರು ಗೊತ್ತಾಗದಿದ್ದರೂ ನಷ್ಟವಿಲ್ಲ. ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ನೋವು ತಾನಾಗಿ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆಯಿದೆ. ಹೇಗೂ ಹೋಗಲಿದ್ದ ನೋವಿನ ಕೀರ್ತಿ ಆ ಕಾಲಿಗೆ ಸಲ್ಲುತ್ತದೆ, ಅಷ್ಟೆ. ಆದರೆ ವಯಸ್ಸಾದವರ ಸವೆದ ಮೂಳೆಗೆ ಈ ಉಪಚಾರ ಖಂಡಿತ ಬೇಡ.

ಹಾಗಾದರೆ ಮಲಗಿಯೇ ಇರಬೇಕೇ? ಹಿಂದೆ ವೈದ್ಯರೂ ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿದ್ದರು. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಏಳು ದಿನದ ವಿಶ್ರಾಂತಿಯಿಂದ ಎರಡು ದಿನಕ್ಕಿಂತ ಹೆಚ್ಚೇನೂ ಲಾಭವಿಲ್ಲ ಎಂದು ತೋರಿಸಿತು. 1995ರಲ್ಲಿ ಫಿನ್ಲೆಂಡಿನ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ದಿನ ಮಲಗಿದವರಿಗಿಂತ, ನೋವು ಬಿಟ್ಟಷ್ಟು ಓಡಾಡಿಕೊಂಡು ನಿತ್ಯದ ಕೆಲಸ ಮಾಡಿದವರೇ ಬೇಗ ಚೇತರಿಸಿಕೊಂಡಿದ್ದರು. ಬಿಸಿನೀರಿನ ಚೀಲದ ಶಾಖ, ವೈದ್ಯರು ಹೇಳಿದ ಮಾತ್ರೆ ನಾಲ್ಕಾರು ದಿನ, ಮನೆಯೊಳಗೆ ನಡಿಗೆ: ಇಷ್ಟರಲ್ಲಿ ಬಹುತೇಕರು ಗುಣವಾಗುತ್ತಾರೆ. ಔಷಧದ ಅಂಗಡಿಯಿಂದ ತಾವೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರು ಹೊಟ್ಟೆಯ ಹುಣ್ಣನ್ನೂ ಮೂತ್ರಪಿಂಡದ ತೊಂದರೆಯನ್ನೂ ಕೊಂಡು ತಂದಂತೆ.

ಈಗ ಡಿಸ್ಕಿನ ವಿಷಯ. ಡಿಸ್ಕ್ ಸೋಪಿನಂತೆ ಜಾರುವುದಿಲ್ಲ. ಅದರ ಹೊರಸುತ್ತು ಬಿರಿದು ಒಳಗಿನ ತಿರುಳು ಉಬ್ಬುತ್ತದೆ, ಪಕ್ಕದ ನರವನ್ನು ಒತ್ತುತ್ತದೆ. ಕಾಲಿನ ನೋವಿಗೆ ಇದು ಕಾರಣವೆಂದು ಬೋಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಗುರುತು ಸುಲಭ: ಸೊಂಟಕ್ಕಿಂತ ಕಾಲಿನ ನೋವೇ ಜೋರು. ಪೃಷ್ಠದಿಂದ ಹೊರಟು, ತೊಡೆಯ ಹಿಂಭಾಗದಲ್ಲಿ ಇಳಿದು, ಮೊಣಕಾಲು ದಾಟಿ ಪಾದದವರೆಗೆ ಮಿಂಚಿನಂತೆ ಹರಿಯುತ್ತದೆ. ಕೆಮ್ಮಿದರೆ, ಸೀನಿದರೆ ಇನ್ನಷ್ಟು. ಬೆರಳುಗಳಲ್ಲಿ ಜೋಮು. ಇದನ್ನೇ ಸಯಾಟಿಕಾ ಎನ್ನುವುದು. ಇದಕ್ಕೂ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬಹುಪಾಲು ಜನರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಸಾಕಷ್ಟು ಇಳಿಯುತ್ತದೆ.

ಸ್ಕ್ಯಾನ್ ವರದಿ ಕೈಯಲ್ಲಿ ಹಿಡಿದು ಕಂಗಾಲಾಗಿ ಬರುವವರಿಗೆ ಒಂದು ಮಾತು. 1994ರಲ್ಲಿ ಅಮೆರಿಕದಲ್ಲಿ, ಸೊಂಟ ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ತಲೆಕೂದಲು ನರೆಯುವಂತೆ ಡಿಸ್ಕೂ ವಯಸ್ಸಿಗೆ ತಕ್ಕಂತೆ ಸವೆಯುತ್ತದೆ. ಹಾಗಾಗಿ ವರದಿಯಲ್ಲಿ ‘ಉಬ್ಬಿದೆ’ ಎಂದಿದ್ದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನುವಂತಿಲ್ಲ. ವರದಿಗೆ ಹೆದರಿ ಕೆಲಸ ಬಿಟ್ಟು, ಬಗ್ಗುವುದನ್ನೇ ಮರೆತು, ವರ್ಷಗಟ್ಟಲೆ ಬೆಲ್ಟಿನೊಳಗೆ ಬದುಕುವವರಿದ್ದಾರೆ. ಮೂರು ತಿಂಗಳು ಮೀರಿದ ಸಾಮಾನ್ಯ ಸೊಂಟ ನೋವಿಗೆ ಬೆಲ್ಟನ್ನಾಗಲಿ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ನನ್ನಾಗಲಿ ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದು ಒತ್ತು ಕೊಟ್ಟಿರುವುದು ವ್ಯಾಯಾಮಕ್ಕೆ.

ಅರವತ್ತು ದಾಟಿದವರ ಕಥೆ ಬೇರೆ. ಸ್ವಲ್ಪ ದೂರ ನಡೆದೊಡನೆ ಎರಡೂ ಕಾಲು ಭಾರವಾಗಿ ನೋಯುತ್ತವೆ. ಜಗಲಿ ಸಿಕ್ಕಿದರೆ ಕೂತು, ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಅಂಥವರು ಸೈಕಲ್ಲನ್ನು ಆರಾಮವಾಗಿ ತುಳಿಯಬಲ್ಲರು! ಬೆನ್ನೆಲುಬಿನಲ್ಲಿ ನರಗಳು ಸಾಗುವ ದಾರಿ ಕಿರಿದಾದಾಗ ಹೀಗಾಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಟೊಳ್ಳಾಗಿ, ಸಣ್ಣ ಕುಲುಕಾಟಕ್ಕೂ ಕುಸಿಯಬಹುದು. ಮೂತ್ರಪಿಂಡದ ಕಲ್ಲು, ಗರ್ಭಕೋಶದ ತೊಂದರೆಗಳೂ ಸೊಂಟದ ನೋವಾಗಿ ಕಾಣಿಸಿಕೊಳ್ಳುವುದುಂಟು.

ಹುಡುಗ ಇಪ್ಪತ್ತೈದರವನು, ಬೆಳಿಗ್ಗೆ ಎದ್ದಾಗ ಸೊಂಟ ಮರಗಟ್ಟಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ರಾತ್ರಿಯ ಎರಡನೆಯ ಅರ್ಧದಲ್ಲಿ ನೋವು ನಿದ್ದೆ ಕೆಡಿಸುತ್ತದೆ. ಮೂರು ತಿಂಗಳಾದರೂ ಹೀಗೇ ಇದ್ದರೆ ‘ಸೋಮಾರಿ’ ಎಂದು ಬೈಯಬೇಡಿ. ಅದು ಬೆನ್ನೆಲುಬಿನ ಕೀಲುಗಳು ಬೆಸೆದುಕೊಳ್ಳುವ ಸಂಧಿವಾತವಿರಬಹುದು. ಬೇಗ ಗುರುತಿಸಿದರೆ ಇಂದು ಒಳ್ಳೆಯ ಔಷಧಗಳಿವೆ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾಯಿಲೆ ಬೆನ್ನುಮೂಳೆಯ ಕ್ಷಯ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲೇ ಇದನ್ನು ವರ್ಣಿಸಿದ್ದರು. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದರ ಸುಳಿವು. ಕೆಮ್ಮು ಇರಲೇಬೇಕೆಂದಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಆದರೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ, ನೋವು ಹೋದ ಮೇಲೂ, ವೈದ್ಯರು ಹೇಳುವವರೆಗೆ ತೆಗೆದುಕೊಳ್ಳಬೇಕು.

ಇವೆಲ್ಲಕ್ಕೆ ಒಂದೆರಡು ದಿನ ಕಾಯಬಹುದು. ಒಂದಕ್ಕೆ ಕಾಯುವಂತಿಲ್ಲ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲವಿಸರ್ಜನೆಯ ಹಿಡಿತ ತಪ್ಪಿದರೆ, ಕೂತಾಗ ನೆಲಕ್ಕೆ ತಾಗುವ ಜಾಗವೆಲ್ಲ ಮರಗಟ್ಟಿದರೆ, ಕಾಲುಗಳು ಸೋತರೆ, ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಹೊರಡಿ. ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿರುತ್ತದೆ; ತಡವಾದರೆ ಮೂತ್ರದ ಹಿಡಿತ ಮರಳಿ ಬಾರದೆ ಹೋಗಬಹುದು. ನಾಚಿಕೆಯಿಂದ ಹೆಂಗಸರು ಇದನ್ನು ಮನೆಯವರಿಗೂ ಹೇಳುವುದಿಲ್ಲ. ಕೇಳಿ ತಿಳಿದುಕೊಳ್ಳಿ.

ಸಿಸೇರಿಯನ್ ಆದ ಎಷ್ಟೋ ತಾಯಂದಿರು ‘ಅಂದು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ ಇದಕ್ಕೆಲ್ಲ ಕಾರಣ’ ಎನ್ನುತ್ತಾರೆ. ಸೂಜಿ ಚುಚ್ಚಿದ ಜಾಗದ ನೋವು ಕೆಲವು ದಿನಗಳದು. ಸಹಜ ಹೆರಿಗೆಯಾದ, ಇಂಜೆಕ್ಷನ್ ಪಡೆಯದ ತಾಯಂದಿರಿಗೂ ಸೊಂಟ ನೋವು ಬರುತ್ತದೆ. ಬಸಿರಿನಲ್ಲಿ ಸಡಿಲವಾದ ತಂತುಗಳು, ಸೋತ ಹೊಟ್ಟೆಯ ಸ್ನಾಯುಗಳು, ದಿನಕ್ಕೆ ಹತ್ತಾರು ಬಾರಿ ಬಗ್ಗಿ ಮಗುವನ್ನು ಎತ್ತುವುದು, ಗೂನಾಗಿ ಕೂತು ಹಾಲೂಡಿಸುವುದು: ಕಾರಣ ಇಲ್ಲಿದೆ. ಬೆನ್ನಿಗೆ ದಿಂಬು ಕೊಟ್ಟು, ಮಗುವನ್ನು ಎದೆಯ ಎತ್ತರಕ್ಕೆ ತಂದು ಹಾಲು ಕೊಡಲಿ. ವೈದ್ಯರು ಒಪ್ಪಿದ ಮೇಲೆ ಹೊಟ್ಟೆಯ ಸ್ನಾಯುಗಳಿಗೆ ವ್ಯಾಯಾಮ ಆರಂಭಿಸಲಿ. ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಸುಮಾರು 30 ಕಿಲೋ. ಅದನ್ನು ಅಡುಗೆಮನೆಗೆ ಸಾಗಿಸುವ ಕೆಲಸ ಸದ್ಯಕ್ಕೆ ಮನೆಯ ಬೇರೆ ಯಾರಾದರೂ ವಹಿಸಿಕೊಳ್ಳಬಹುದು.