ಮನೆ ಬದಲಾದರೂ ಮರ ಬಿಡದ ಅಕ್ಕ

ಬಾಡಿಗೆ ಮನೆಯಲ್ಲಿ ಇರುವವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು. ನೆಟ್ಟ ಗಿಡ ಫಲ ಕೊಡುವ ಹೊತ್ತಿಗೆ ಮನೆ ಖಾಲಿ ಮಾಡುವ ಮಾತು ಬರುತ್ತದೆ. ತಿರುಪ್ಪೂರಿನಲ್ಲಿದ್ದ ನಮ್ಮ ಅಕ್ಕನಿಗೂ ಹೀಗೇ ಆಯಿತು. ಭಾವ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಕೊಳ್ಳೇಗಾಲದ ಕಡೆಯಿಂದ ಹೊಟ್ಟೆಪಾಡಿಗೆ ಹೋದ ಕುಟುಂಬ. (1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮವರಿಗೆ ಅದು ಪರಊರು ಅನ್ನಿಸುವುದೇ ಇಲ್ಲ!)

ಮೊದಲ ಮನೆಯ ಹಿತ್ತಿಲಲ್ಲಿ ಅಕ್ಕ ನುಗ್ಗೆ ನೆಟ್ಟಿದ್ದಳು. ಮೂರು ವರ್ಷ ಬೀದಿಗೆಲ್ಲ ಕಾಯಿ ಹಂಚಿದಳು. ಮನೆ ಬಿಟ್ಟ ವಾರದಲ್ಲೇ ಮರ ಕಡಿದರೆಂದು ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಇನ್ನು ನೆಲಕ್ಕೆ ನೆಡೋದಿಲ್ಲ ಕಣೋ ತಮ್ಮಾ. ನನ್ನ ಜೊತೆ ಬರೋ ಮರಾನೇ ಬೆಳೆಸ್ತೀನಿ" ಎಂದಳು. ನಾವೆಲ್ಲ ನಕ್ಕೆವು.

ಹೊಸ ಮನೆಗೆ ಹಿತ್ತಿಲೇ ಇರಲಿಲ್ಲ, ಟೆರೇಸ್ ಇತ್ತು. ಗುಜರಿಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದಳು. ಪಕ್ಕದ ಮನೆಯ ಅಜ್ಜಿ ಮೂಸಿ ನೋಡಿ ಬೈದರಂತೆ. ಅದು ಬಟ್ಟೆಗೆ ಬಣ್ಣ ಹಾಕುವ ರಾಸಾಯನಿಕ ತುಂಬಿದ್ದ ಡ್ರಮ್ಮು. ಓದುಗರೇ, ಇದನ್ನು ಮಾತ್ರ ಮರೆಯಬೇಡಿ: ಒಳಗೆ ಏನಿತ್ತೆಂದು ಗೊತ್ತಿಲ್ಲದ ಡ್ರಮ್ಮು, ಎಷ್ಟು ತೊಳೆದರೂ, ತಿನ್ನುವ ಗಿಡಕ್ಕೆ ಬೇಡ.

ಎರಡನೆಯ ತಪ್ಪು ನನ್ನದು. ಪೊಳ್ಳಾಚಿ, ಉಡುಮಲೈ ಕಡೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಹೊಟ್ಟು ರಾಶಿ ರಾಶಿ. ಅದನ್ನೇ ಒತ್ತಿ 5 ಕೆ.ಜಿ. ಇಟ್ಟಿಗೆ ಮಾಡಿ ಹೊರದೇಶಗಳಿಗೂ ಕಳಿಸುತ್ತಾರೆ. ನೀರು ಹಾಕಿದರೆ ಒಂದು ಇಟ್ಟಿಗೆ ಉಬ್ಬಿ 60 ಲೀಟರಿಗೂ ಹೆಚ್ಚಾಗುತ್ತದೆ. ನಾನು ಅಲ್ಲಿಂದ ಒಂದು ಮೂಟೆ ಹಸಿ ಹೊಟ್ಟು ತಂದು ಹಾಗೇ ಸುರಿದೆ. ನಿಂಬೆಯ ಎಲೆಯಂಚು ಸುಟ್ಟಂತಾಗಿ ಎರಡೇ ತಿಂಗಳಲ್ಲಿ ಗಿಡ ಒಣಗಿತು. ಹಸಿ ಹೊಟ್ಟಿನಲ್ಲಿ ಉಪ್ಪಿನಂಶ ಇರುತ್ತದೆಂದು ಆಮೇಲೆ ತಿಳಿಯಿತು. ನೀರಲ್ಲಿ ನೆನೆಸಿ, ಹಿಂಡಿ, ಮೂರು ನಾಲ್ಕು ಸಲ ನೀರು ಬದಲಿಸಬೇಕು. ಇನ್ನೂ ಒಳ್ಳೆಯದು ಕೊಳೆಸಿ ಬಳಸುವುದು. ಅಣಬೆಯ ಬೀಜ ಮತ್ತು ಯೂರಿಯಾ ಹಾಕಿ ಇದನ್ನು ಗೊಬ್ಬರ ಮಾಡುವ ವಿಧಾನವನ್ನು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವೇ ರೂಪಿಸಿದೆ.

ನೀರಿನದೂ ಅದೇ ಕಥೆ. ಬಣ್ಣದ ಘಟಕಗಳ ಹೊಲಸಿನಿಂದ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನು ಮುಚ್ಚಲು ಆಜ್ಞೆ ಮಾಡಿದ್ದು ನಿಮಗೆ ನೆನಪಿರಬಹುದು. ಅಕ್ಕನ ಬೀದಿಯ ಬೋರ್ ನೀರು ಉಪ್ಪುಪ್ಪು. ನೆಲದಲ್ಲಾದರೆ ಮಳೆ ಬಂದು ಉಪ್ಪನ್ನು ಕೆಳಕ್ಕೆ ಇಳಿಸುತ್ತದೆ. ಡ್ರಮ್ಮಿನಲ್ಲಿ ಅದು ಎಲ್ಲಿಗೆ ಹೋದೀತು? ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಕ್ಕ ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆನೀರನ್ನೋ ಕುಡಿಯುವ ನೀರನ್ನೋ ತೂತಿನಿಂದ ಧಾರಾಳವಾಗಿ ಹರಿದು ಹೋಗುವಷ್ಟು ಹಾಕುತ್ತಿದ್ದಳು.

ಮನೆ ಓನರ್ ಅಮ್ಮನ ಚಿಂತೆ ಬೇರೆ. "ಟೆರೇಸ್ ಸೋರಿದರೆ ಯಾರು ಕೊಡ್ತಾರೆ?" ಅವರ ಮಾತು ತಪ್ಪಲ್ಲ. ಬರೀ ಮಣ್ಣು ತುಂಬಿ ನೀರು ಹಾಕಿದರೆ 100 ಲೀಟರ್ ಡ್ರಮ್ಮು 150 ಕೆ.ಜಿ. ದಾಟುತ್ತದೆ. ಕೆಂಪು ಮಣ್ಣು, ತೊಳೆದ ಹೊಟ್ಟು, ಕೊಳೆತ ಸಗಣಿ ಗೊಬ್ಬರ ಸಮಸಮ ಹಾಕಿದರೆ ಭಾರ ಇಳಿಯುತ್ತದೆ. ಡ್ರಮ್ಮುಗಳನ್ನು ಕಂಬ, ತೊಲೆ ಇರುವ ಅಂಚಿನಲ್ಲಿ ಇಟ್ಟಿಗೆ ಕೊಟ್ಟು ಎತ್ತರಿಸಿ ಇಟ್ಟರು. ಪಾಲಕ್ಕಾಡ್ ಕಣಿವೆಯಿಂದ ಜೂನ್, ಜುಲೈಯಲ್ಲಿ ನುಗ್ಗುವ ಗಾಳಿ ಆ ಕಡೆ ವಿಂಡ್‌ಮಿಲ್‌ಗಳನ್ನೇ ತಿರುಗಿಸುತ್ತದೆ, ಟೆರೇಸಿನ ಗಿಡವನ್ನು ಬಿಟ್ಟೀತೇ? ಆ ಕಾಲಕ್ಕೆ ಎಲ್ಲವನ್ನೂ ಪ್ಯಾರಾಪೆಟ್ ಗೋಡೆಯ ಮರೆಗೆ ಸರಿಸಿ, ಹಳೆ ಸೀರೆಯಲ್ಲಿ ಕಟ್ಟಬೇಕು.

ಏನು ಬೆಳೆಯಬಹುದು? ಕರಿಬೇವಿಗೆ 20 ಲೀಟರಿನ ಡಬ್ಬ ಸಾಕು. ನಿಂಬೆ, ಸೀಬೆಗೆ ಅರ್ಧ ಡ್ರಮ್ಮಾದರೂ ಬೇಕು, ಗೂಟಿ ಕಟ್ಟಿದ ಗಿಡವಾದರೆ ಬೇಗ ಫಲ. ನುಗ್ಗೆಯಲ್ಲಿ ಪೆರಿಯಕುಳಂನ ಪಿಕೆಎಂ-1 ತಳಿ ಬೀಜ ಹಾಕಿದ ಆರೇಳು ತಿಂಗಳಿಗೆ ಕಾಯಿ ಬಿಡುತ್ತದೆ, ಕಾಯಿ ಮುಗಿದ ಮೇಲೆ ಮೊಳಕಾಲಿಗಿಂತ ತುಸು ಮೇಲಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ಹಲಸು, ಹುಣಸೆಯ ಮಾತು ಆಡುವವರಿದ್ದಾರೆ, ನಾನಂತೂ ನಂಬುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರತೆಗೆದು, ಡ್ರಮ್ಮಿನ ಗೋಡೆಗೆ ಸುತ್ತಿಕೊಂಡ ಬೇರನ್ನು ಕತ್ತರಿಸಿ ಹೊಸ ಮಣ್ಣು ಕೊಡಲೇಬೇಕು. ಮೊದಲ ಸಲ ಬೇರಿಗೆ ಕತ್ತಿ ಹಾಕುವಾಗ ಅಕ್ಕನ ಕೈ ನಡುಗಿತಂತೆ.

ಎರಡು ವರ್ಷದ ಹಿಂದೆ ಭಾವನಿಗೆ ಕೊಯಮತ್ತೂರಿನಲ್ಲಿ ಕೆಲಸ ಸಿಕ್ಕಿ ಮತ್ತೆ ಮನೆ ಬದಲಾಯಿತು. ಹೊರಡುವ ಎರಡು ದಿನ ಮೊದಲೇ ನೀರು ನಿಲ್ಲಿಸಿ, ಕೊಂಬೆ ಸವರಿ, ಬೀರು ಮಂಚಗಳ ಜೊತೆ ಐದು ಮರಗಳೂ ಮಿನಿ ಲಾರಿ ಹತ್ತಿದವು. ಲಾರಿಯವನು ಮರಕ್ಕೆಂದು ಇನ್ನೂರು ರೂಪಾಯಿ ಹೆಚ್ಚಿಗೆ ಕೇಳಿದ. ಸೀಬೆ ದಾರಿಯಲ್ಲೇ ಮುರಿಯಿತು. ಕರಿಬೇವು ಎಲೆಯೆಲ್ಲ ಉದುರಿಸಿ ಒಂದೂವರೆ ತಿಂಗಳು ಕಡ್ಡಿಯಂತೆ ನಿಂತು, ಆಮೇಲೆ ಚಿಗುರಿತು.

ಕಳೆದ ಕ್ರಿಸ್ಮಸ್ಸಿಗೆ ಅಕ್ಕ ಊರಿಗೆ ಬಂದಳು. ಬ್ಯಾಗಿನಿಂದ ಹನ್ನೊಂದು ನಿಂಬೆಹಣ್ಣು ತೆಗೆದು ಅಮ್ಮನ ಮಡಿಲಿಗೆ ಹಾಕಿ, "ಇನ್ನೂ ಆರು ಇತ್ತಮ್ಮಾ, ಹೊಸ ಓನರ್‌ಗೆ ಕೊಟ್ಟು ಬಂದೆ" ಎಂದಳು.