ಬೆಳ್ಳಿಯ ಕಿಕ್ಕರ್

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಯಾರಾದರೂ ‘ಏ ಅಕ್ಕಸಾಲಿ’ ಎಂದು ಕೂಗಿದರೆ ತಿರುಗಿ ನೋಡುವವನು ನಾನೇ. ಓದುತ್ತಿರುವುದು ಬಿ.ಇ. ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. ಬ್ಯಾಗಿನಲ್ಲಿ ಕ್ಯಾಲ್ಕುಲೇಟರ್ ಇಲ್ಲದಿದ್ದರೂ ಬೆರಳಿನ ಅಳತೆ ತೆಗೆಯುವ ರಿಂಗುಗಳ ಗೊಂಚಲು ಇದ್ದೇ ಇರುತ್ತದೆ. ಬೈಕ್ ಹುಚ್ಚಿನ ಗೆಳೆಯರಿಗೆ ಬೆಳ್ಳಿಯಲ್ಲಿ ಉಂಗುರ, ಪದಕ, ಕೀ ಚೈನ್ ಮಾಡಿಕೊಡುವುದು ನನ್ನ ಹುಚ್ಚು.

ಈ ಹುಚ್ಚಿಗೆ ಅರ್ಧ ಕಾರಣ ನಮ್ಮೂರು ಮೈಸೂರು. ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದುದು ಇಲ್ಲಿನ ಯಾದವಗಿರಿಯ ಕಾರ್ಖಾನೆಯಲ್ಲೇ. 1996ರಲ್ಲಿ ಅದಕ್ಕೆ ಬೀಗ ಬಿತ್ತು. ನಾನು ಹುಟ್ಟಿದ್ದು ಆಮೇಲೆ. ಆದರೂ ಬೀದಿಯಲ್ಲಿ ಆ ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಇನ್ನರ್ಧ ಕಾರಣ ಅಪ್ಪ. ಅವರು ಬೆಳ್ಳಿ ಕೆಲಸದವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂಸೆ, ಅಡಿಗಲ್ಲು, ಇಕ್ಕಳ, ಅರಗಳ ನಡುವೆಯೇ ನಾನು ಬೆಳೆದದ್ದು. ಯಂತ್ರದಲ್ಲಿ ತಯಾರಾದ ಗೆಜ್ಜೆ, ದೀಪಗಳು ಅಂಗಡಿಗಳಿಗೆ ಬಂದ ಮೇಲೆ ಅಪ್ಪನ ಕೈಯಲ್ಲಿ ಉಳಿದದ್ದು ಹೆಚ್ಚಾಗಿ ರಿಪೇರಿ ಕೆಲಸ. ‘ಈ ಹೊಗೆ ನನ್ನ ತಲೆಗೇ ಮುಗೀಲಿ’ ಎಂದು ನನ್ನನ್ನು ಎಂಜಿನಿಯರಿಂಗ್‌ಗೆ ಸೇರಿಸಿದರು. ನಾನು ಹಿಂದಿನ ಬಾಗಿಲಿನಿಂದ ಮತ್ತೆ ಅಲ್ಲಿಗೇ ಬಂದೆ!

ಮೊದಲು ಮಾಡಿದ್ದು ಬೈಕ್ ಸ್ಪ್ರಾಕೆಟ್‌ನಂತೆ ಸುತ್ತಲೂ ಹಲ್ಲುಗಳಿದ್ದ ಉಂಗುರ. ಕಂಪ್ಯೂಟರ್‌ನಲ್ಲಿ ಅದರ ಚಿತ್ರ ಬರೆಯಲು ಹಿಡಿದದ್ದು ಅರ್ಧ ಗಂಟೆ. ಬೆಳ್ಳಿಯಲ್ಲಿ ಮಾಡಲು ಹಿಡಿದದ್ದು ಎರಡು ವಾರ. ಮೂಸೆಯಲ್ಲಿ ಬೆಳ್ಳಿ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ, ಬೆಂಕಿ ಕೊಡಬೇಕು. ಶುದ್ಧ ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಶುದ್ಧ ಬೆಳ್ಳಿ ಉಂಗುರಕ್ಕೆ ತೀರಾ ಮೆದು. ಅದಕ್ಕೇ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಂಗಡಿಗಳಲ್ಲಿ ಕಾಣುವ ‘925’ ಎಂಬ ಗುರುತಿನ ಅರ್ಥ ಇಷ್ಟೇ.

ಕರಗಿದ್ದನ್ನು ಅಚ್ಚಿಗೆ ಹೊಯ್ದು, ಬಡಿದು ಪಟ್ಟಿ ಮಾಡುವಾಗ ನನ್ನ ಪಟ್ಟಿಯ ಅಂಚು ಪದೇ ಪದೇ ಬಿರುಕು ಬಿಡುತ್ತಿತ್ತು. ಅಪ್ಪ ದೂರದಿಂದಲೇ, ‘ಬೆಳ್ಳಿ ಹಟ ಹಿಡಿದಿದೆ, ಇನ್ನು ಬಡೀಬೇಡ. ಸ್ವಲ್ಪ ಕಾಯಿಸು’ ಎಂದರು. ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿದೆ. ಮತ್ತೆ ಹೇಳಿದ ಮಾತು ಕೇಳತೊಡಗಿತು. ಬಡಿದರೆ ಲೋಹ ಗಡುಸಾಗುವುದು ವರ್ಕ್ ಹಾರ್ಡನಿಂಗ್, ಕಾಯಿಸಿ ಮೆದು ಮಾಡುವುದು ಅನೀಲಿಂಗ್ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅಪ್ಪ ಓದಿರುವುದು ಏಳನೇ ಕ್ಲಾಸು.

ಉಂಗುರಕ್ಕೆ ಕಪ್ಪು ಛಾಯೆ ಬೇಕಿತ್ತು. ಬೇಯಿಸಿದ ಮೊಟ್ಟೆ ಒಡೆದು ಬೆಳ್ಳಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಅದರ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಆ ‘ಪ್ರಯೋಗ’ ನಡೆದದ್ದು ಗೆಳೆಯನ ರೂಮಿನಲ್ಲಿ. ಪ್ರಯೋಗದ ನಂತರ ಉಳಿದ ಮೊಟ್ಟೆಗಳು ಏನಾದವು ಎಂದು ಅಮ್ಮ ಕೇಳಬಾರದು!

ಫೋಟೊ ನೋಡಿದವರೆಲ್ಲ ‘ನಂಗೂ ಒಂದು ಮಾಡ್ಕೊಡೋ’ ಎಂದರು. ಎರಡು ತಿಂಗಳಲ್ಲಿ ಒಂಬತ್ತು ಉಂಗುರ ಮಾಡಿದೆ. ಬೆಳ್ಳಿಯ ಬೆಲೆ ಬೇರೆ, ಕೂಲಿ 400 ರೂಪಾಯಿ. ಪರೀಕ್ಷಾ ಶುಲ್ಕವನ್ನು ಮೊದಲ ಸಲ ಸ್ವಂತ ದುಡ್ಡಿನಲ್ಲಿ ಕಟ್ಟಿದೆ. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನೆಲಕ್ಕೆ ಇಳಿಸಿದ್ದು ಒಂದು ಮಳೆಗಾಲದ ಸಂಜೆ. ನನ್ನ ಆಪ್ತ ಗೆಳೆಯ ಮಳೆಯಲ್ಲಿ ಬೈಕ್ ಜಾರಿ ಬಿದ್ದ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಆದರೆ ಬಲಗೈ ಊದಿಕೊಂಡು, ನಾನು ಮಾಡಿದ ಉಂಗುರ ಬೆರಳಿನಲ್ಲೇ ಸಿಕ್ಕಿಬಿತ್ತು. ಸೋಪು, ಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ. ಬೆರಳ ತುದಿ ನೀಲಿಯಾಗುತ್ತಿತ್ತು. ದಪ್ಪ ಇದ್ದರೆ ಗತ್ತು ಎಂದು ಮೂರು ಮಿಲಿಮೀಟರ್ ದಪ್ಪ ಬಿಟ್ಟವನು ನಾನೇ. ಆಸ್ಪತ್ರೆಯಲ್ಲಿ ಅದನ್ನು ಎರಡು ಕಡೆ ಕತ್ತರಿಸಿ ತೆಗೆಯುವಾಗ, ಪ್ರತಿ ಮಿಲಿಮೀಟರಿಗೂ ಅವನು ಹಲ್ಲು ಕಚ್ಚುತ್ತಿದ್ದುದನ್ನು ನಿಂತು ನೋಡಿದೆ. ‘ಇನ್ನೂ ತಡ ಮಾಡಿದ್ದರೆ ಬೆರಳಿಗೇ ಕಷ್ಟವಾಗ್ತಿತ್ತು’ ಎಂದರು ಡಾಕ್ಟರ್. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಮೊದಲ ದಿನವೇ ‘ಉಂಗುರ, ಕಡಗ ಬಿಚ್ಚಿಡಿ’ ಎಂದಿದ್ದರು. ತಿರುಗುವ ಯಂತ್ರಕ್ಕೆ ಸಿಕ್ಕಿದರೆ ಬೆರಳನ್ನೇ ಎಳೆದುಕೊಂಡು ಹೋಗುತ್ತದೆ. ಬೈಕಿನ ಚೈನೂ ತಿರುಗುವ ಯಂತ್ರವೇ ಅಲ್ಲವೇ? ಅದು ನನಗೆ ಹೊಳೆದೇ ಇರಲಿಲ್ಲ.

ಕತ್ತರಿಸಿದ ಎರಡು ತುಂಡುಗಳನ್ನು ಅಪ್ಪನ ಮುಂದೆ ಇಟ್ಟೆ. ಬೈಯುತ್ತಾರೆ, ‘ಓದು ನೋಡ್ಕೋ’ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ‘ಬೆಸುಗೆ ಚೆನ್ನಾಗಿದೆ. ಆದ್ರೆ ನೀನು ನಿನ್ನ ಡ್ರಾಯಿಂಗ್ ನೋಡ್ದೆ, ಅವನ ಕೈ ನೋಡ್ಲಿಲ್ಲ. ಕಾಲುಂಗುರ ಮಾಡೋವಾಗ ನಾನು ಮೊದ್ಲು ಕೇಳೋದೇನು ಗೊತ್ತಾ? ಗದ್ದೆ ಕೆಲ್ಸಕ್ಕೆ ಹೋಗ್ತೀರೇನಮ್ಮಾ ಅಂತ’ ಎಂದರು. ಇಷ್ಟು ವರ್ಷ ಅದೇ ಕೋಣೆಯಲ್ಲಿ ಕುಳಿತಿದ್ದರೂ ಆ ಪ್ರಶ್ನೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಕೊಟ್ಟಿದ್ದ ಒಂಬತ್ತು ಉಂಗುರಗಳಲ್ಲಿ ದಪ್ಪನೆಯ ಆರನ್ನು ವಾಪಸ್ ಕೇಳಿ ಪಡೆದು, ಕೂಲಿ ಇಲ್ಲದೆ ತೆಳುವಾಗಿ ಮಾಡಿಕೊಟ್ಟೆ. ಈಗ ಆರ್ಡರ್ ತೆಗೆದುಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಕೈಗೆ? ಗ್ಲೌಸ್ ಹಾಕ್ತೀಯಾ? ಗಾಡಿ ರಿಪೇರಿ ನೀನೇ ಮಾಡ್ಕೋತೀಯಾ? ಮೂರನೆಯದಕ್ಕೆ ಹೌದು ಎಂದವರಿಗೆ ಉಂಗುರ ಇಲ್ಲ, ಕೀ ಚೈನ್ ಮಾತ್ರ. ಉಳಿದವರಿಗೂ ತೆಳು ಪಟ್ಟಿ, ಒಳಗಡೆ ದುಂಡಗಿನ ಅಂಚು. ರೈಡ್‌ಗೆ ಹೊರಡುವಾಗ ಅದನ್ನೂ ಬಿಚ್ಚಿಡಿ ಎಂದು ಹೇಳಿಯೇ ಕೊಡುತ್ತೇನೆ. ಕೆಲವು ಆರ್ಡರ್ ಕೈತಪ್ಪಿವೆ. ತಪ್ಪಲಿ.

ಆ ಎರಡು ತುಂಡುಗಳನ್ನು ಕರಗಿಸಿ ಗೆಳೆಯನಿಗೆ ಬೇರೆಯದೇ ಒಂದನ್ನು ಮಾಡಿದೆ. ಅವನದು ಅಜ್ಜನ ಕಾಲದ ಯೆಜ್ಡಿ. ಅದರಲ್ಲಿ ಗೇರ್ ಹಾಕುವ ಲಿವರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಕೆಳಕ್ಕೆ ಇಳಿಸಿದರೆ ಗೇರ್. ಅದೇ ಲಿವರ್ ಅನ್ನು ಹೆಬ್ಬೆರಳ ಉದ್ದಕ್ಕೆ ಇಳಿಸಿ, ತಿರುಗುವ ಹಾಗೆಯೇ ಮಾಡಿ, ಬೀಗದ ಕೈಗೆ ಪೋಣಿಸಿದೆ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಅವನು ಅದೇ ಕೀಲಿಯಲ್ಲಿ ಗಾಡಿ ತೆಗೆದ. ಅಲ್ಲಿದ್ದ ನೆರೆಗೂದಲಿನ ಹಿರಿಯರೊಬ್ಬರು ಅದನ್ನು ಅಂಗೈಯಲ್ಲಿಟ್ಟು, ಬೆರಳಲ್ಲಿ ತಿರುಗಿಸಿ, ಬಾಯಲ್ಲೇ ಎಂಜಿನ್ ಸದ್ದು ಮಾಡಿ ನಕ್ಕರು.

ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನಗಳು. ಕೆಲಸಕ್ಕೆ ಹೋಗುತ್ತೇನೆ, ಅಪ್ಪನ ಆಸೆಯೂ ಅದೇ. ಯಂತ್ರದ ಭಾಗವೊಂದನ್ನು ವಿನ್ಯಾಸ ಮಾಡಲು ಕೊಟ್ಟರೆ ಅದನ್ನು ಹಿಡಿಯುವ ಕೈ ಯಾರದು ಎಂದು ಮೊದಲು ಕೇಳುತ್ತೇನೆ.

ಮೊನ್ನೆ ರಾತ್ರಿ ದೀಪ ಆರಿಸುವ ಮುಂಚೆ ಅಪ್ಪ ತಮ್ಮ ಹಳೆಯ ಎಕ್ಸ್‌ಎಲ್‌ನ ಕೀಲಿಯನ್ನು ನನ್ನ ಮಣೆಯ ಮೇಲೆ ಇಟ್ಟು ಹೋದರು. ಏನೂ ಹೇಳಲಿಲ್ಲ. ಅದಕ್ಕೆ ಪೋಣಿಸಲು ಏನು ಮಾಡಲಿ ಎಂದು ಯೋಚಿಸುತ್ತಿದ್ದೇನೆ.