ಗುರಿ ಸಾಧನೆಯಲ್ಲಿ ಪರಿಶ್ರಮ ಮತ್ತು ಮನೋಭಾವ

ಪರಿಶ್ರಮ ಮತ್ತು ಮನೋಭಾವ ಇವು ವ್ಯಕ್ತಿಯೊಬ್ಬನು ತಾನು ಇಟ್ಟುಕೊಂಡ ಗುರಿಯನ್ನು ಮುಟ್ಟುವಲ್ಲಿ ನೆರವಾಗುವ ಎರಡು ಮುಖ್ಯ ಅಂಶಗಳು. ಪರಿಶ್ರಮವೆಂದರೆ ಗುರಿಗಾಗಿ ದೀರ್ಘಕಾಲ ಬಿಡದೆ ನಡೆಸುವ ದುಡಿಮೆ. ಮನೋಭಾವವೆಂದರೆ ಆ ದುಡಿಮೆಯನ್ನೂ ಅದರ ಸೋಲು ಗೆಲುವುಗಳನ್ನೂ ವ್ಯಕ್ತಿಯು ಅರ್ಥಮಾಡಿಕೊಳ್ಳುವ ಬಗೆ. ಕನ್ನಡ ನಾಡಿನಲ್ಲಿ ಈ ಎರಡನ್ನೂ ಒಂದಾಗಿ ಕಾಣುವ ಚಿಂತನೆ 12ನೇ ಶತಮಾನದ ಶರಣರ ಕಾಯಕ ತತ್ತ್ವದಲ್ಲಿ ದೊರೆಯುತ್ತದೆ. ಆಧುನಿಕ ಮನಃಶಾಸ್ತ್ರವು ಕಳೆದ ಕೆಲವು ದಶಕಗಳಿಂದ ಇದೇ ವಿಷಯವನ್ನು ಪ್ರಯೋಗಗಳ ಮೂಲಕ ಪರಿಶೀಲಿಸುತ್ತಿದೆ. ಪರಿಶ್ರಮಕ್ಕೆ ಸರಿಯಾದ ವಿಧಾನವೂ ಅವಕಾಶವೂ ಕೂಡಿದಾಗ ಮಾತ್ರ ಅದು ಪೂರ್ಣ ಫಲ ಕೊಡುತ್ತದೆ ಎಂಬುದನ್ನು ಸಂಶೋಧನೆಗಳೂ ಕಲಬುರಗಿ ಸೀಮೆಯ ಅನುಭವವೂ ತೋರಿಸುತ್ತವೆ.

ಕಾಯಕ ತತ್ತ್ವ

ಕಲ್ಯಾಣದ (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಶರಣರು ದುಡಿಮೆಯನ್ನು ಹೊಟ್ಟೆಪಾಡಿನ ಸಾಧನವೆಂದಷ್ಟೇ ಕಾಣದೆ ಸಾಧನೆಯ ಮಾರ್ಗವೆಂದು ಕಂಡರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಮುಂತಾದವರು ತಮ್ಮ ತಮ್ಮ ವೃತ್ತಿಯಲ್ಲಿದ್ದುಕೊಂಡೇ ವಚನಕಾರರಾದರು. ವೃತ್ತಿಯಲ್ಲಿ ಮೇಲು ಕೀಳಿಲ್ಲ, ಮಾಡುವ ಮನಸ್ಸಿನಲ್ಲಿ ಮಾತ್ರ ವ್ಯತ್ಯಾಸವಿದೆ ಎಂಬುದು ಈ ತತ್ತ್ವದ ತಿರುಳು.

ಇದಕ್ಕೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಉದಾಹರಿಸುವುದು ವಾಡಿಕೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಇವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೆಂದು ಹೇಳಿ ಲಕ್ಕಮ್ಮನು ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಕಳುಹಿಸಿದಳೆಂದು ಪರಂಪರೆಯು ಹೇಳುತ್ತದೆ. ಇಲ್ಲಿ ದುಡಿಮೆಯ ಪ್ರಮಾಣ ಹೆಚ್ಚಾಗಿದ್ದರೂ ಅದರ ಹಿಂದಿನ ಮನಸ್ಸು ಕೆಟ್ಟಿತ್ತೆಂಬುದೇ ಆಕ್ಷೇಪ. ಎಷ್ಟು ದುಡಿದೆ ಎಂಬ ಪ್ರಶ್ನೆಯ ಜೊತೆಗೆ ಯಾವ ಮನಸ್ಸಿನಿಂದ ದುಡಿದೆ ಎಂಬ ಪ್ರಶ್ನೆಯನ್ನೂ ಕಾಯಕ ತತ್ತ್ವವು ಕೇಳುತ್ತದೆ.

ಈ ಪರಂಪರೆಯು ಮುಂದೆ ಕಲಬುರಗಿ ಸೀಮೆಯಲ್ಲಿ ಶರಣಬಸವೇಶ್ವರರ ಮೂಲಕ ಮುಂದುವರಿಯಿತು. ಅರಳಗುಂಡಗಿಯಲ್ಲಿ ಜನಿಸಿದ ಅವರು ಒಕ್ಕಲುತನ ಮಾಡುತ್ತ, ಬೆಳೆದ ಧಾನ್ಯವನ್ನು ದಾಸೋಹಕ್ಕೆ ಸಲ್ಲಿಸುತ್ತ ಬಾಳಿದರು. ಅವರ ನೆನಪಿನ ದೇವಾಲಯವು ಕಲಬುರಗಿ ನಗರದಲ್ಲಿದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮ

ಪರಿಶ್ರಮ ಮತ್ತು ಅವಕಾಶಗಳ ಸಂಬಂಧವನ್ನು ತಿಳಿಯಲು ಆಧುನಿಕ ಕರ್ನಾಟಕದ ಒಂದು ಸ್ಪಷ್ಟ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮ. ಇದರ ಸ್ಥಾಪಕರಾದ ಪಂಚಾಕ್ಷರ ಗವಾಯಿಗಳು (1892–1944) ಹುಟ್ಟಿನಿಂದಲೇ ದೃಷ್ಟಿಹೀನರು. ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಕಂಠಸಿರಿಯನ್ನು ಗುರುತಿಸಿ ಸಂಗೀತ ಶಿಕ್ಷಣದ ವ್ಯವಸ್ಥೆ ಮಾಡಿದರು. ಗವಾಯಿಗಳು ಕರ್ನಾಟಕ ಸಂಗೀತವನ್ನು ಕಲಿತ ಬಳಿಕ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿ ಎರಡೂ ಪದ್ಧತಿಗಳಲ್ಲಿ ನಿಪುಣರಾದರು. ತಾವು ಪಡೆದುದನ್ನು ದೃಷ್ಟಿಹೀನ ಮತ್ತು ಬಡ ಮಕ್ಕಳಿಗೆ ಊಟ ವಸತಿಗಳ ಸಹಿತ ಉಚಿತವಾಗಿ ಧಾರೆಯೆರೆದರು.

ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಗಾಯನದ ಜೊತೆಗೆ ಅನೇಕ ವಾದ್ಯಗಳನ್ನು ಕರಗತ ಮಾಡಿಕೊಂಡು, ಕನ್ನಡ, ಹಿಂದಿ ಮತ್ತು ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿದ ಅವರಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಅವರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ.

ಈ ಇಬ್ಬರ ಜೀವನವನ್ನು ಛಲದ ಕಥೆಯೆಂದು ಹೇಳುವುದು ರೂಢಿ. ಅದು ನಿಜವೇ ಆದರೂ ಅರ್ಧ ನಿಜ. ಪ್ರತಿಭೆಯನ್ನು ಗುರುತಿಸಿದ ಹಿರಿಯರು, ತಪ್ಪನ್ನು ತಿದ್ದಿದ ಗುರುಗಳು, ಹಸಿವಿನ ಚಿಂತೆಯಿಲ್ಲದೆ ವರ್ಷಗಟ್ಟಲೆ ರಿಯಾಜು ಮಾಡಲು ಆಸರೆಯಾದ ಆಶ್ರಮ ಇವು ಇಲ್ಲದಿದ್ದಲ್ಲಿ ಅದೇ ಛಲವು ಫಲ ಕಾಣುವುದು ದುಸ್ತರವಾಗುತ್ತಿತ್ತು.

ಸಂಶೋಧನೆಗಳು

ಗುರಿಯ ಸ್ವರೂಪ: ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಃಶಾಸ್ತ್ರಜ್ಞರು ಗುರಿ ನಿರ್ಧಾರದ ಸಿದ್ಧಾಂತವನ್ನು ರೂಪಿಸಿ 1990ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ‘ಕೈಲಾದಷ್ಟು ಮಾಡು’ ಎಂಬ ಅಸ್ಪಷ್ಟ ಸೂಚನೆಗಿಂತ ನಿರ್ದಿಷ್ಟವೂ ತಕ್ಕಮಟ್ಟಿಗೆ ಕಠಿಣವೂ ಆದ ಗುರಿಯು ಹೆಚ್ಚಿನ ಫಲ ನೀಡುತ್ತದೆ ಎಂಬುದು ಇವರ ನಿಷ್ಕರ್ಷೆ. ಜರ್ಮನಿಯ ಪೀಟರ್ ಗೋಲ್‌ವಿಟ್ಸರ್ ಅವರು ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು. ‘ಇಂಥ ಸಮಯ ಬಂದಾಗ, ಇಂಥ ಸ್ಥಳದಲ್ಲಿ, ಇಂಥ ಕೆಲಸ ಮಾಡುವೆನು’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಕಾರ್ಯವನ್ನು ಪೂರೈಸುತ್ತಾರೆ ಎಂದು ಅವರ ಅಧ್ಯಯನಗಳು ತಿಳಿಸುತ್ತವೆ.

ಅಭ್ಯಾಸದ ಸ್ವರೂಪ: ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಸಂಗೀತ ವಿದ್ಯಾಲಯವೊಂದರ ಪಿಟೀಲು ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಅತ್ಯುತ್ತಮ ವಾದಕರು 20ನೆಯ ವಯಸ್ಸಿನ ವೇಳೆಗೆ ಸರಾಸರಿ 10,000 ಗಂಟೆಗೂ ಹೆಚ್ಚು ಏಕಾಂತ ಅಭ್ಯಾಸ ಮಾಡಿದ್ದರು. ಈ ಸಂಖ್ಯೆಯೇ ಮುಂದೆ ‘10,000 ಗಂಟೆಗಳ ನಿಯಮ’ ಎಂಬ ಹೆಸರಿನಲ್ಲಿ ಪ್ರಚಾರ ಪಡೆಯಿತು. ಅದು ಸರಾಸರಿಯೇ ಹೊರತು ನಿಯಮವಲ್ಲವೆಂದು ಎರಿಕ್‌ಸನ್ ಸ್ಪಷ್ಟಪಡಿಸಿದರು. ಬರಿದೆ ಪುನರಾವರ್ತಿಸುವುದು ಸಾಲದು, ತನ್ನ ದೌರ್ಬಲ್ಯವನ್ನು ಗುರುತಿಸಿ, ಬಲ್ಲವರ ಮಾರ್ಗದರ್ಶನದಲ್ಲಿ ಅದನ್ನೇ ತಿದ್ದಿಕೊಳ್ಳುವ ಅಭ್ಯಾಸವು ಬೇಕು ಎಂಬುದು ಅವರ ಮುಖ್ಯ ಪ್ರತಿಪಾದನೆ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಕ್ತಿ ವ್ಯಕ್ತಿಗಳ ಸಾಧನೆಯಲ್ಲಿನ ಅಂತರದಲ್ಲಿ ಇಂತಹ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಸಂಗೀತದಲ್ಲಿ ಶೇ. 21, ಕ್ರೀಡೆಯಲ್ಲಿ ಶೇ. 18, ಶಿಕ್ಷಣದಲ್ಲಿ ಕೇವಲ ಶೇ. 4 ಎಂದು ಕಂಡುಬಂದಿತು. ಉಳಿದ ಅಂತರಕ್ಕೆ ಬೇರೆ ಕಾರಣಗಳಿವೆ ಎಂಬುದು ಇದರ ತಾತ್ಪರ್ಯ.

ಮನೋಭಾವ: ಅಮೆರಿಕದ ಕೆರಲ್ ಡ್ವೆಕ್ ಅವರು ಮನೋಭಾವವನ್ನು ಎರಡಾಗಿ ವಿಂಗಡಿಸಿದರು. ಬುದ್ಧಿಶಕ್ತಿಯು ಹುಟ್ಟಿನಿಂದ ಬಂದಷ್ಟೇ ಎಂದು ನಂಬುವುದು ಸ್ಥಿರ ಮನೋಭಾವ. ಅಭ್ಯಾಸ, ವಿಧಾನ ಮತ್ತು ಇತರರ ನೆರವಿನಿಂದ ಅದನ್ನು ಬೆಳೆಸಬಹುದು ಎಂದು ನಂಬುವುದು ಬೆಳವಣಿಗೆಯ ಮನೋಭಾವ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರನ್ನು ‘ನೀನು ಜಾಣ’ ಎಂದೂ ಕೆಲವರನ್ನು ‘ನೀನು ಚೆನ್ನಾಗಿ ಶ್ರಮಿಸಿದೆ’ ಎಂದೂ ಹೊಗಳಲಾಯಿತು. ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ ಮೊದಲ ಗುಂಪಿನ ಮಕ್ಕಳು ಬೇಗನೆ ಉತ್ಸಾಹ ಕಳೆದುಕೊಂಡರು. ಎರಡನೆಯ ಗುಂಪಿನವರು ಪಟ್ಟು ಹಿಡಿದು ಮುಂದುವರಿದರು.

ಆದರೆ ಮನೋಭಾವವೊಂದೇ ಪವಾಡ ಮಾಡುವುದಿಲ್ಲ. ಡೇವಿಡ್ ಯೇಗರ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತನೆಯ ತರಗತಿಯ ಸುಮಾರು 12,000 ವಿದ್ಯಾರ್ಥಿಗಳಲ್ಲಿ ನಡೆಸಿದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಬೆಳವಣಿಗೆಯ ಮನೋಭಾವವನ್ನು ಕುರಿತ ಕಿರು ಪಾಠದಿಂದ ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಶ್ರೇಣಿಯು 4 ಅಂಕಗಳ ಮಾಪನದಲ್ಲಿ ಸುಮಾರು 0.1ರಷ್ಟು ಏರಿತು. ಏರಿಕೆ ನಿಜ, ಆದರೆ ಸಣ್ಣದು. ಸಹಪಾಠಿಗಳ ವಾತಾವರಣವು ಸವಾಲನ್ನು ಸ್ವಾಗತಿಸುವಂತಿದ್ದ ಶಾಲೆಗಳಲ್ಲಿಯೇ ಅದರ ಪರಿಣಾಮ ಹೆಚ್ಚಾಗಿ ಕಂಡಿತು.

ಅವಕಾಶದ ಪಾತ್ರ: ಕಲಬುರಗಿ ಸೀಮೆಯ ಅನುಭವ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯು ದುಡಿಮೆಯ ಮಹತ್ವವನ್ನು ಸಾರುತ್ತದೆ. ಆದರೆ ಒಣಬೇಸಾಯದ ಸೀಮೆಯಲ್ಲಿ ಕೈ ಕೆಸರಾಗಲು ಮೊದಲು ಮಳೆ ಬರಬೇಕು. ಕಲಬುರಗಿ ಜಿಲ್ಲೆಯ ಕಪ್ಪು ನೆಲದ ಮುಖ್ಯ ಬೆಳೆ ತೊಗರಿ. ಮುಂಗಾರಿಗೆ ಬಿತ್ತಿದ ತೊಗರಿಯು ಚಳಿಗಾಲದಲ್ಲಿ ರಾಶಿಗೆ ಬರುತ್ತದೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಒಂದೇ ಬಗೆಯಾಗಿ ದುಡಿದ ಇಬ್ಬರು ರೈತರಲ್ಲಿ ನೀರಿನ ಆಸರೆಯುಳ್ಳವನಿಗೂ ಮಳೆಯನ್ನೇ ನಂಬಿದವನಿಗೂ ದೊರೆಯುವ ಫಲ ಒಂದೇ ಆಗಿರುವುದಿಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಭೀಮಾ ನದಿಗೆ ಕಟ್ಟಿರುವ ಬ್ಯಾರೇಜು ಈ ಅಂತರವನ್ನು ತಗ್ಗಿಸುವ ಪ್ರಯತ್ನಗಳಲ್ಲಿ ಒಂದು. ಅದರ ನೀರು ರೈತನ ದುಡಿಮೆಗೆ ಬದಲಿಯಲ್ಲ. ದುಡಿಮೆಯು ವ್ಯರ್ಥವಾಗದಂತೆ ಕಾಯುವ ಆಸರೆ ಅದು.

ಶಿಕ್ಷಣಕ್ಕೂ ಈ ಮಾತು ಅನ್ವಯಿಸುತ್ತದೆ. 1948ರವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದ ಈ ಭಾಗದಲ್ಲಿ ಉರ್ದು ಆಡಳಿತ ಭಾಷೆಯೂ ಶಿಕ್ಷಣ ಮಾಧ್ಯಮವೂ ಆಗಿದ್ದುದರಿಂದ ಕನ್ನಡ ಮಕ್ಕಳ ಓದಿಗೆ ಅವಕಾಶಗಳು ವಿರಳವಾಗಿದ್ದವು. 1907ರಲ್ಲಿ ಕಲಬುರಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯ, 1958ರಲ್ಲಿ ಮಹಾದೇವಪ್ಪ ರಾಂಪುರೆ ಅವರು ಸ್ಥಾಪಿಸಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಮೊದಲಾದವು ಈ ಕೊರತೆಯನ್ನು ನೀಗಲು ಶ್ರಮಿಸಿದವು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿತು. ಸಂವಿಧಾನಕ್ಕೆ 98ನೆಯ ತಿದ್ದುಪಡಿಯ ಮೂಲಕ ಸೇರಿಸಲಾದ 371ಜೆ ವಿಧಿಯು ಈ ಭಾಗದವರಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶಗಳನ್ನು ಕಲ್ಪಿಸಿದೆ.

2025ರ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಶೇ. 91.12 ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದರೆ ಕಲಬುರಗಿಯು ಶೇ. 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಇಷ್ಟರಿಂದಲೇ ಒಂದು ಜಿಲ್ಲೆಯ ಮಕ್ಕಳು ಶ್ರಮಜೀವಿಗಳು, ಇನ್ನೊಂದರವರು ಸೋಮಾರಿಗಳು ಎಂದು ತೀರ್ಮಾನಿಸುವುದು ತಪ್ಪು. ಇಡೀ ರಾಜ್ಯದ ಫಲಿತಾಂಶವೇ 2024ರಲ್ಲಿ ಶೇ. 73.40 ಇದ್ದುದು 2025ರಲ್ಲಿ ಶೇ. 62.34ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಪರಿಶ್ರಮವು ಅಷ್ಟು ಕುಗ್ಗಿರಲಿಲ್ಲ. 2024ರಲ್ಲಿ ನೀಡಲಾಗಿದ್ದ ಹೆಚ್ಚುವರಿ ಕೃಪಾಂಕಗಳನ್ನು 2025ರಲ್ಲಿ ನೀಡದಿದ್ದುದು ಇದಕ್ಕೆ ಮುಖ್ಯ ಕಾರಣ. ಫಲಿತಾಂಶದ ಅಂಕಿಯು ಪರಿಶ್ರಮದ ಜೊತೆಗೆ ಪರೀಕ್ಷೆಯ ನಿಯಮ, ಶಿಕ್ಷಕರ ಲಭ್ಯತೆ, ಮನೆಯ ಸ್ಥಿತಿಗತಿ ಮುಂತಾದವುಗಳನ್ನೂ ಒಳಗೊಂಡಿರುತ್ತದೆ. ತಂದೆತಾಯಿಗಳು ದುಡಿಮೆಗಾಗಿ ಬೇರೆ ಊರಿಗೆ ಗುಳೆ ಹೋದಾಗ ಶಾಲೆ ತಪ್ಪಿಸಿಕೊಳ್ಳುವ ಮಗುವಿನ ಸೋಲನ್ನು ಮನೋಭಾವದ ದೋಷವೆಂದು ಬಗೆಯಲಾಗದು.

ವಿದ್ಯಾರ್ಥಿಗಳ ಕಲಿಕೆಯಲ್ಲಿ ಅನ್ವಯ

ಮೇಲಿನ ವಿಷಯಗಳಿಂದ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯುಕ್ತವಾಗುವ ಕೆಲವು ಅಂಶಗಳು ಹೊರಡುತ್ತವೆ.

ಮೊದಲನೆಯದಾಗಿ, ಗುರಿಯನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿಕೊಳ್ಳುವುದು. ‘ಗಣಿತದಲ್ಲಿ ಪಾಸಾಗಬೇಕು’ ಎಂಬುದಕ್ಕಿಂತ ‘ದಿನವೂ ಸಂಜೆ ಊಟಕ್ಕೆ ಮೊದಲು ಐದು ಲೆಕ್ಕ ಬಿಡಿಸುವೆನು’ ಎಂಬ ನಿಶ್ಚಯವು ಹೆಚ್ಚು ಫಲಕಾರಿ. ಹನಿ ಹನಿ ಕೂಡಿದರೆ ಹಳ್ಳವೆಂಬುದು ಇಲ್ಲಿ ಸಾರ್ಥಕವಾಗುತ್ತದೆ.

ಎರಡನೆಯದಾಗಿ, ಓದಿನ ವಿಧಾನವನ್ನು ತಿದ್ದಿಕೊಳ್ಳುವುದು. ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹತ್ತು ಬಗೆಯ ಕಲಿಕಾ ವಿಧಾನಗಳನ್ನು ಹೋಲಿಸಿದರು. ಪಾಠವನ್ನು ಮತ್ತೆ ಮತ್ತೆ ಓದುವುದು, ಸಾಲುಗಳ ಕೆಳಗೆ ಗೆರೆ ಎಳೆಯುವುದು ಇವುಗಳಿಂದ ಪ್ರಯೋಜನ ಕಡಿಮೆ ಎಂದು ಅವರು ಕಂಡುಕೊಂಡರು. ಪುಸ್ತಕ ಮುಚ್ಚಿ ತನಗೆ ತಾನೇ ಪ್ರಶ್ನೆ ಹಾಕಿಕೊಳ್ಳುವುದು, ಒಂದೇ ಪಾಠವನ್ನು ದಿನಗಳ ಅಂತರ ಬಿಟ್ಟು ಅಭ್ಯಾಸ ಮಾಡುವುದು ಇವು ಹೆಚ್ಚು ಫಲ ಕೊಟ್ಟವು. ರಾತ್ರಿಯಿಡೀ ಕಂಠಪಾಠ ಮಾಡಿಯೂ ಸೋಲುವ ವಿದ್ಯಾರ್ಥಿಯಲ್ಲಿ ಅನೇಕ ವೇಳೆ ಶ್ರಮದ ಕೊರತೆಗಿಂತ ವಿಧಾನದ ಕೊರತೆಯಿರುತ್ತದೆ.

ಮೂರನೆಯದಾಗಿ, ಸೋಲನ್ನು ಅಂತಿಮವೆಂದು ಭಾವಿಸದಿರುವುದು. ಕರ್ನಾಟಕದಲ್ಲಿ 2023–24ನೆಯ ಶೈಕ್ಷಣಿಕ ವರ್ಷದಿಂದ ‘ಪೂರಕ ಪರೀಕ್ಷೆ’ ಎಂಬ ಹೆಸರನ್ನು ಕೈಬಿಟ್ಟು ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕಲ್ಪಿಸಲಾಯಿತು. ಮೊದಲ ಯತ್ನದಲ್ಲಿ ತೇರ್ಗಡೆಯಾಗದವನು ತನ್ನ ಉತ್ತರಗಳ ತಪ್ಪನ್ನು ಹುಡುಕಿ, ಶಿಕ್ಷಕರ ನೆರವಿನಿಂದ ಅದನ್ನೇ ತಿದ್ದಿಕೊಂಡು ಮರಳಿ ಬರೆದರೆ ಬೆಳವಣಿಗೆಯ ಮನೋಭಾವವು ಕಾರ್ಯರೂಪಕ್ಕೆ ಬಂದಂತೆ.

ನಾಲ್ಕನೆಯದಾಗಿ, ಪ್ರಾಮಾಣಿಕತೆ. ನಕಲಿನಿಂದ ದೊರೆತ ಅಂಕವು ಲಕ್ಕಮ್ಮ ತಿರುಗಿ ಕಳುಹಿಸಿದ ಅಕ್ಕಿಯಂತೆ: ಪ್ರಮಾಣದಲ್ಲಿ ಹೆಚ್ಚು, ಕಾಯಕದ ಲೆಕ್ಕದಲ್ಲಿ ಶೂನ್ಯ. ಮುಂದಿನ ತರಗತಿಯಲ್ಲಿ ಅದು ನೆರವಿಗೆ ಬಾರದು.

ಹಿರಿಯರ ಹೊಣೆಯೂ ಇದರಲ್ಲಿ ಅಡಗಿದೆ. ‘ಇನ್ನಷ್ಟು ಶ್ರಮಪಡು’ ಎಂಬ ಉಪದೇಶದ ಜೊತೆಗೆ ಎಲ್ಲಿ, ಹೇಗೆ ಶ್ರಮಪಡಬೇಕೆಂಬುದನ್ನು ತೋರಿಸುವುದು, ಓದಲು ಬೆಳಕು, ಸಮಯ ಮತ್ತು ಜಾಗಗಳನ್ನು ಒದಗಿಸುವುದು ಮನೆ ಮತ್ತು ಶಾಲೆಗಳ ಕರ್ತವ್ಯ. ಪಂಚಾಕ್ಷರ ಗವಾಯಿಗಳು ಶಿಷ್ಯರಿಗೆ ಪಾಠದೊಂದಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟದ್ದು ಇದೇ ಕಾರಣಕ್ಕಾಗಿ ಗಮನಾರ್ಹವಾಗಿದೆ.